ಎಲ್ಲರೂ ಬಳಸುವ ಕೋಡ್, ಯಾರ ಹೊಣೆ?

ಊರಿನಲ್ಲಿರುವ ಅಮ್ಮನಿಗೆ ನೀವು ಫೋನಿನಿಂದ ದುಡ್ಡು ಕಳಿಸುವಾಗ, ರೈಲು ಟಿಕೆಟ್ ಬುಕ್ ಮಾಡುವಾಗ, ಕರೆಂಟ್ ಬಿಲ್ ಕಟ್ಟುವಾಗ ತೆರೆಯ ಹಿಂದೆ ಓಡುವ ಕೋಡ್‌ನಲ್ಲಿ ದೊಡ್ಡ ಪಾಲು ಆ ಬ್ಯಾಂಕಿನವರೋ ರೈಲ್ವೆಯವರೋ ಬರೆದದ್ದಲ್ಲ. ಎಲ್ಲೋ ಯಾರೋ ಬರೆದು, ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟುಕೊಟ್ಟದ್ದು. ಅದನ್ನು ನಂಬಿ ನಮ್ಮಂಥ ಸಾವಿರಾರು ಎಂಜಿನಿಯರುಗಳು ಸಂಬಳ ಎಣಿಸುತ್ತಿದ್ದೇವೆ. ಆದರೆ ಅದನ್ನು ನೋಡಿಕೊಳ್ಳುವವರು ಯಾರು ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರ ಬಳಿ ಉತ್ತರವಿಲ್ಲ. ಈ ಉತ್ತರವಿಲ್ಲದ ಸ್ಥಿತಿಯಿಂದ ಮೊದಲು ಪೆಟ್ಟು ತಿನ್ನುವುದು ಕನ್ನಡ, ಮಲಯಾಳಂನಂಥ ಭಾಷೆಗಳಲ್ಲಿ ಹೆಸರು ಬರೆಯುವವರು ಎಂಬುದು ನನ್ನ ವಾದ. ಇದನ್ನು ಸರಿಪಡಿಸುವ ಕೆಲಸ ಬೇರೆ ಯಾರದ್ದೂ ಅಲ್ಲ, ನಮ್ಮದು.

ನಾನು ಹನ್ನೊಂದು ವರ್ಷದಿಂದ ಕೇರಳದಲ್ಲಿದ್ದೇನೆ. ಮೊದಲ ಆರು ವರ್ಷ ತಿರುವನಂತಪುರದ ಕಳಕ್ಕೂಟಂನಲ್ಲಿ, ಈಗ ಕೊಚ್ಚಿಯ ಕಾಕ್ಕನಾಡಿನಲ್ಲಿ. ಟೆಕ್ನೋಪಾರ್ಕ್ ಶುರುವಾದದ್ದು 1990ರಲ್ಲಿ, ಇನ್ಫೋಪಾರ್ಕ್ 2004ರಲ್ಲಿ. ಎರಡರಲ್ಲೂ ಕ್ಯಾಂಟೀನಿನಲ್ಲಿ ಕೂತು ಹತ್ತು ನಿಮಿಷ ಕಿವಿಗೊಟ್ಟರೆ ಒಂದಲ್ಲ ಒಂದು ಮೇಜಿನಿಂದ ಕನ್ನಡ ಕೇಳಿಸುತ್ತದೆ. ನನ್ನ ಕೆಲಸ ನೆಟ್‌ವರ್ಕ್ ಲೈಬ್ರರಿಗಳದ್ದು. ಅಂದರೆ ಒಂದು ಕಂಪ್ಯೂಟರ್ ಇನ್ನೊಂದರ ಜೊತೆ ಎಚ್‌ಟಿಟಿಪಿ ಎಂಬ ಕಟ್ಟುಪಾಡಿನಲ್ಲಿ ಮಾತಾಡಲು ಬೇಕಾದ ಕೋಡ್.

ಇಂಥ ಪ್ರತಿಯೊಂದು ಲೈಬ್ರರಿಯಲ್ಲೂ ಒಂದು ಫೋಲ್ಡರ್ ಇರುತ್ತದೆ. ಕೆಲವರು ಅದಕ್ಕೆ 'ಕಾಮನ್' ಎನ್ನುತ್ತಾರೆ, ಕೆಲವರು 'ಯುಟಿಲ್ಸ್', ಕೆಲವರು 'ಹೆಲ್ಪರ್ಸ್'. ನಮ್ಮ ಅಡುಗೆಮನೆಯ ಒಗ್ಗರಣೆ ಡಬ್ಬಿಯ ಹಾಗೆ. ಎಲ್ಲ ಅಡುಗೆಗೂ ಕೈ ಅದಕ್ಕೇ ಹೋಗುತ್ತದೆ, ಊಟದ ಎಲೆಯಲ್ಲಿ ಅದರ ಹೆಸರು ಯಾರೂ ಹೇಳುವುದಿಲ್ಲ. ವಿಳಾಸವನ್ನು ತುಂಡು ಮಾಡಿ ಓದುವುದು, ಸಂದೇಶದ ಉದ್ದ ಎಣಿಸುವುದು, ದಿನಾಂಕ ಅರ್ಥ ಮಾಡಿಕೊಳ್ಳುವುದು, ವಿಳಾಸದಲ್ಲಿ ಕೂರದ ಅಕ್ಷರಗಳನ್ನು ಸಂಕೇತಕ್ಕೆ ತಿರುಗಿಸುವುದು ಇವೆಲ್ಲ ಅಲ್ಲಿರುವ ಚಿಕ್ಕಚಿಕ್ಕ ಕೆಲಸಗಳು. ಹೊಸದಾಗಿ ಸೇರಿದವರಿಗೆ ಕೊಡುವ ಕೆಲಸ ಎಂಬ ಭಾವನೆ ಇದರ ಬಗ್ಗೆ ಇದೆ. ಆ ಭಾವನೆ ತಪ್ಪು ಎನ್ನುವುದಕ್ಕೆ ಎರಡು ಮೂರು ಉದಾಹರಣೆ ಸಾಕು.

ದಿನಾಂಕವನ್ನೇ ತೆಗೆದುಕೊಳ್ಳಿ. ಎಚ್‌ಟಿಟಿಪಿಯಲ್ಲಿ ದಿನಾಂಕವನ್ನು ಓದುವ ಪ್ರೋಗ್ರಾಂ ಮೂರು ಬಗೆಯ ಬರವಣಿಗೆಯನ್ನು ಒಪ್ಪಬೇಕು. ಅದರಲ್ಲಿ ಒಂದು ಹಳೆಯ ಬಗೆಯಲ್ಲಿ ಇಸವಿಗೆ ಎರಡೇ ಅಂಕಿ. ಆ ಎರಡಂಕಿ ಐವತ್ತು ವರ್ಷಕ್ಕಿಂತ ಹೆಚ್ಚು ಮುಂದಿನ ಕಾಲವನ್ನು ತೋರಿಸಿದರೆ ಅದನ್ನು ಹಿಂದಿನ ಶತಮಾನದ್ದೆಂದು ತಿಳಿಯಬೇಕು ಎಂದು ನಿಯಮವಿದೆ. ಇದನ್ನು ಓದದೆ ದಿನಾಂಕದ ಹೆಲ್ಪರ್ ಬರೆದವರ ಕೋಡ್ ವರ್ಷಗಟ್ಟಲೆ ಸರಿಯಾಗಿಯೇ ಕಾಣುತ್ತದೆ, ಒಂದು ದಿನ ಕೈಕೊಡುತ್ತದೆ.

ಫೋನ್ ನಂಬರಿನ ಮುಂದೆ ಹಾಕುವ ಪ್ಲಸ್ ಚಿಹ್ನೆ ಇನ್ನೊಂದು. ವೆಬ್ ವಿಳಾಸದ ಬಾಲದಲ್ಲಿ ಫಾರಂನ ವಿವರಗಳನ್ನು ಕಳಿಸುವಾಗ ಖಾಲಿ ಜಾಗಕ್ಕೆ ಬದಲು ಪ್ಲಸ್ ಹಾಕುವ ಹಳೆಯ ವಾಡಿಕೆ ಇದೆ. ಹಾಗಾಗಿ ನಿಜವಾದ ಪ್ಲಸ್ ಇದ್ದರೆ ಅದನ್ನು ಮೊದಲೇ ಸಂಕೇತಕ್ಕೆ ತಿರುಗಿಸಿ ಕಳಿಸಬೇಕು. ಹೆಲ್ಪರ್ ಅದನ್ನು ಮರೆತರೆ ಆ ಕಡೆಯ ಸರ್ವರ್ ಪ್ಲಸ್ ಅನ್ನು ಖಾಲಿ ಜಾಗವೆಂದು ಓದುತ್ತದೆ. ಮನೆಗೊಬ್ಬರು ಗಲ್ಫ್‌ನಲ್ಲಿರುವ ಈ ನಾಡಿನಲ್ಲಿ, ಪ್ಲಸ್ 971 ಎಂದು ಶುರುವಾಗುವ ನಂಬರು ಅಮಾನ್ಯವಾಗಿ ಒಟಿಪಿ ಬಾರದೆ ಕೂರುವುದು ಸಣ್ಣ ತೊಂದರೆಯಲ್ಲ.

ಈಗ ನಮ್ಮ ಭಾಷೆಗೆ ಬರೋಣ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಜಾಗ. ಇಂದು ವೆಬ್‌ನಲ್ಲಿ ಎಲ್ಲೆಡೆ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು, ಮಲಯಾಳಂಗೂ ಅಷ್ಟೇ. 'ಕೊಚ್ಚಿ' ಎಂಬ ಪದ ಕಣ್ಣಿಗೆ ಎರಡು ಅಕ್ಷರ. ಯುನಿಕೋಡ್ ಲೆಕ್ಕದಲ್ಲಿ ಕ, ಒಕಾರದ ಚಿಹ್ನೆ, ಚ, ವಿರಾಮ, ಇನ್ನೊಂದು ಚ, ಇಕಾರದ ಚಿಹ್ನೆ ಹೀಗೆ ಆರು ಸಂಕೇತ. ಬೈಟ್ ಲೆಕ್ಕದಲ್ಲಿ ಹದಿನೆಂಟು. ಎಚ್‌ಟಿಟಿಪಿ ಸಂದೇಶದ ತಲೆಯಲ್ಲಿ ಅದರ ಉದ್ದವನ್ನು ಬರೆಯುತ್ತೇವಲ್ಲ, ಅದು ಬೈಟ್‌ಗಳ ಲೆಕ್ಕ. ಹೆಲ್ಪರ್ ಬರೆದವರು ಬೈಟ್ ಎಣಿಸುವ ಬದಲು ಸಂಕೇತ ಎಣಿಸಿದರೆ, ಹದಿನೆಂಟು ಇರಬೇಕಾದ ಕಡೆ ಆರು ಎಂದು ಬರೆಯುತ್ತದೆ. ಆ ಕಡೆಯವರು ಆರು ಬೈಟ್ ಮಾತ್ರ ಓದಿ ನಿಲ್ಲುತ್ತಾರೆ. ಅವರಿಗೆ ಸಿಗುವುದು 'ಕೊ' ಅಷ್ಟೇ. ಉಳಿದ 'ಚ್ಚಿ' ದಾರಿಯಲ್ಲೇ ಬಿತ್ತು, ಅಥವಾ ಇನ್ನೂ ಕೆಟ್ಟದ್ದಾಗಿ, ಅದೇ ಸಂಪರ್ಕದಲ್ಲಿ ಬರುವ ಮುಂದಿನ ಸಂದೇಶದ ತಲೆಗೆ ಅಂಟಿಕೊಂಡಿತು.

ಇಂಗ್ಲಿಷಿನಲ್ಲಿ ಟೆಸ್ಟ್ ಮಾಡಿದಾಗ ಈ ತಪ್ಪು ಎಂದೂ ಕಾಣುವುದಿಲ್ಲ. ಅಲ್ಲಿ ಅಕ್ಷರದ ಲೆಕ್ಕವೂ ಬೈಟ್ ಲೆಕ್ಕವೂ ಒಂದೇ. ಕೆಲವು ವರ್ಷದ ಹಿಂದೆ ಒಂದು ಗಿರಾಕಿ ಸಂಸ್ಥೆಯ ಆನ್‌ಲೈನ್ ಫಾರಂನಲ್ಲಿ ನಮಗೆ ಸಿಕ್ಕಿದ್ದು ಇದೇ. ಇಂಗ್ಲಿಷಿನಲ್ಲಿ ವಿಳಾಸ ತುಂಬಿದವರ ಅರ್ಜಿ ಸರಾಗವಾಗಿ ಹೋಗುತ್ತಿತ್ತು, ಮಲಯಾಳಂನಲ್ಲಿ ತುಂಬಿದವರದ್ದು ಹಿಂದಿರುಗುತ್ತಿತ್ತು. ಕೌಂಟರಿನಲ್ಲಿದ್ದವರು ಜನರಿಗೆ ಕೊಟ್ಟ ಸಲಹೆ ಏನು ಗೊತ್ತೇ? "ಇಂಗ್ಲಿಷಿನಲ್ಲೇ ತುಂಬಿ, ಗೊಡವೆ ಇರುವುದಿಲ್ಲ." ತಿಂಗಳುಗಟ್ಟಲೆ ಅದು ಕೋಡ್‌ನ ತಪ್ಪೆಂದು ಯಾರಿಗೂ ಅನಿಸಲೇ ಇಲ್ಲ. ಮಲಯಾಳಂನದ್ದೇ ತಪ್ಪು ಎಂದುಕೊಂಡರು. ನನ್ನ ತಂಡದ ತ್ರಿಶ್ಶೂರಿನ ಹಿರಿಯರೊಬ್ಬರು ಅದನ್ನು ಪತ್ತೆ ಮಾಡಿದಾಗ ಹೇಳಿದ ಮಾತು ಸರಳವಾಗಿತ್ತು: "ಭಾಷೆ ಸೋಲುವುದು ಸಭೆಯಲ್ಲಿ ಅಲ್ಲಪ್ಪ, ಇಂಥ ಕೌಂಟರಿನಲ್ಲಿ."

ಇದು ಕಾಸರಗೋಡಿನ ಕನ್ನಡಿಗರಿಗೆ ಹೊಸ ಮಾತಲ್ಲ. ಅವರ ಊರಿನ ಅಕ್ಷಯ ಕೇಂದ್ರದಲ್ಲಿ ತುಂಬುವ ಅರ್ಜಿ ತಲುಪುವುದು ತಿರುವನಂತಪುರದಲ್ಲಿ ರೂಪುಗೊಂಡ ವ್ಯವಸ್ಥೆಗಳಿಗೆ. ಅಲ್ಲಿ ಕನ್ನಡದ ಹೆಸರು ಸರಿಯಾಗಿ ಕೂರಬೇಕೆಂದರೆ ಕಾನೂನಿನಲ್ಲಿ ಭಾಷಾ ಅಲ್ಪಸಂಖ್ಯಾತರ ಹಕ್ಕು ಇದ್ದರೆ ಸಾಲದು. ಉದ್ದ ಎಣಿಸುವ ಹೆಲ್ಪರ್ ಕೂಡ ಸರಿ ಇರಬೇಕು.

ಇನ್ನೂ ಸೂಕ್ಷ್ಮವಾದ ತೊಡಕಿದೆ. 'ಕೊ' ಎಂಬುದರ ಒಕಾರವನ್ನು ಯುನಿಕೋಡ್‌ನಲ್ಲಿ ಎರಡು ಬಗೆಯಲ್ಲಿ ಬರೆಯಬಹುದು. ಒಂದೇ ಸಂಕೇತವಾಗಿ, ಇಲ್ಲವೇ ಎಕಾರ ಮತ್ತು ಊಕಾರದ ಚಿಹ್ನೆಗಳನ್ನು ಒಂದರ ಹಿಂದೆ ಒಂದಿಟ್ಟು. ಪರದೆಯ ಮೇಲೆ ಎರಡೂ ಒಂದೇ. ಕಂಪ್ಯೂಟರಿಗೆ ಎರಡು ಬೇರೆ ಪದ, ಒಂದು ಹದಿನೆಂಟು ಬೈಟ್, ಇನ್ನೊಂದು ಇಪ್ಪತ್ತೊಂದು. ಇವೆರಡನ್ನೂ ಒಂದೇ ರೂಪಕ್ಕೆ ತರುವ ನಿಯಮ ಯುನಿಕೋಡ್‌ನಲ್ಲೇ ಇದೆ, ಹೆಲ್ಪರ್ ಅದನ್ನು ಪಾಲಿಸಿದರೆ ಕೆಲಸ ಮುಗಿಯಿತು. ಮಲಯಾಳಂನ ಚಿಲ್ಲು ಅಕ್ಷರಗಳಿಗೆ ಈ ಅದೃಷ್ಟವಿಲ್ಲ. ಕೃಷ್ಣನ್, ರಾಜನ್ ಎಂಬ ಹೆಸರುಗಳ ಕೊನೆಯ 'ನ್' ಒಂದು ಚಿಲ್ಲು. ಮೊದಲು ಅದನ್ನು ನ, ವಿರಾಮ ಮತ್ತು ಒಂದು ಅದೃಶ್ಯ ಜೋಡಕ ಸೇರಿಸಿ ಬರೆಯುತ್ತಿದ್ದರು. 2008ರಲ್ಲಿ ಯುನಿಕೋಡ್ 5.1 ಬಂದಾಗ ಚಿಲ್ಲುಗಳಿಗೆ ಬೇರೆಯೇ ಸಂಕೇತ ಕೊಟ್ಟರು. ಇದು ಸರಿಯೇ ತಪ್ಪೇ ಎಂದು ಕೇರಳದಲ್ಲಿ ವರ್ಷಗಟ್ಟಲೆ ವಾದ ನಡೆಯಿತು. ಹಳೆಯ ರೂಪ, ಹೊಸ ರೂಪ ಎರಡೂ ಒಂದೇ ಎಂದು ಯುನಿಕೋಡ್‌ನ ಸಾಮಾನ್ಯ ನಿಯಮ ಹೇಳುವುದಿಲ್ಲ. ಹಾಗಾಗಿ ಹಳೆಯ ಕಡತದ ರಾಜನ್ ಮತ್ತು ಹೊಸ ಅರ್ಜಿಯ ರಾಜನ್ ಒಬ್ಬರೇ ಎಂದು ಹೇಳಲು ಮಲಯಾಳಂ ಬಲ್ಲ ಯಾರಾದರೂ ಕೋಡ್‌ನಲ್ಲಿ ಬರೆದಿಡಲೇಬೇಕು.

ನಮಗೂ ಇಂಥದ್ದೇ ಅದೃಶ್ಯ ಚಿಹ್ನೆಗಳಿವೆ. 'ರಾಜ್‌ಕುಮಾರ್' ಎಂದು ಬರೆಯುವಾಗ ಜ್ ಮತ್ತು ಕು ಒತ್ತಾಗಿ ಸೇರದಂತೆ ನಡುವೆ ಒಂದು ಕಾಣದ ಚಿಹ್ನೆ ಹಾಕುತ್ತೇವೆ. ಪತ್ರಿಕೆಗಳಲ್ಲಿ ದಿನವೂ ಕಾಣುವ 'ರ‍್ಯಾಂಕ್', 'ರ‍್ಯಾಲಿ'ಗಳ ಒಳಗೂ ಅಂಥದ್ದೊಂದಿದೆ. ಸುರಕ್ಷತೆಯ ಹೆಸರಿನಲ್ಲಿ ಕೆಲವು ಹೆಲ್ಪರ್‌ಗಳು ಕಾಣದ ಚಿಹ್ನೆಗಳನ್ನೆಲ್ಲ ಒರೆಸಿ ಹಾಕುತ್ತವೆ. ಉದ್ದೇಶ ಕೆಟ್ಟದ್ದಲ್ಲ, ನಕಲಿ ವಿಳಾಸ ಮಾಡುವವರು ಇಂಥ ಚಿಹ್ನೆಗಳನ್ನು ದುರುಪಯೋಗ ಮಾಡುವುದುಂಟು. ಆದರೆ ಒರೆಸಿದ ಮೇಲೆ ನಮ್ಮ ಹೆಸರಿನ ಕಾಗುಣಿತವೇ ಬದಲಾಗುತ್ತದೆ. ಎಲ್ಲಿ ಒರೆಸಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಸ್ಟಾಕ್‌ಹೋಮ್‌ನಲ್ಲೋ ಸಿಯಾಟಲ್‌ನಲ್ಲೋ ಕೂತವರು ಊಹಿಸಲಾರರು. ಹೇಳಬೇಕಾದವರು ನಾವು.

ಹಾಗಾದರೆ ಪ್ರತಿ ಕಂಪನಿಯೂ ತನ್ನದೇ ಹೆಲ್ಪರ್ ಬರೆದುಕೊಂಡರೆ ಆಗದೇ ಎಂದು ಕೇಳಬಹುದು. ಯುನಿಕೋಡ್‌ಗೆ ಮುಂಚಿನ ಕನ್ನಡದ ಪಾಡು ನೆನಪಿದ್ದವರು ಈ ಪ್ರಶ್ನೆ ಕೇಳಲಾರರು. ಶ್ರೀಲಿಪಿಯಲ್ಲಿ ಟೈಪ್ ಮಾಡಿದ್ದು ನುಡಿಯಲ್ಲಿ ತೆರೆದರೆ ಚಿತ್ರಲಿಪಿ. ಪ್ರತಿಯೊಬ್ಬರ ಬಳಿಯೂ ತಮ್ಮದೇ ಸಂಕೇತ, ನಡುವೆ ಪರಿವರ್ತಕಗಳ ಸಾಲು. ವೆಬ್‌ನಲ್ಲಿ ಇದಕ್ಕಿಂತ ದೊಡ್ಡ ಅಪಾಯವಿದೆ. ನಿಮ್ಮ ಸಂದೇಶ ಒಂದೇ ಸರ್ವರ್‌ಗೆ ಹೋಗುವುದಿಲ್ಲ. ಮುಂದೊಂದು ಕಾವಲು ಸರ್ವರ್, ಹಿಂದೆ ಇನ್ನೊಂದು. ಸಂದೇಶ ಎಲ್ಲಿ ಮುಗಿಯುತ್ತದೆ ಎಂಬುದನ್ನು ಎಚ್‌ಟಿಟಿಪಿಯಲ್ಲಿ ಎರಡು ರೀತಿ ಹೇಳಬಹುದು. ಮುಂದಿನ ಸರ್ವರ್ ಒಂದನ್ನು ನಂಬಿ, ಹಿಂದಿನದು ಇನ್ನೊಂದನ್ನು ನಂಬಿದರೆ, ಆ ವ್ಯತ್ಯಾಸದ ಸಂದಿಯಲ್ಲಿ ಕಳ್ಳ ತನ್ನ ಸಂದೇಶವನ್ನು ತೂರಿಸಬಲ್ಲ. 2019ರಲ್ಲಿ ಭದ್ರತಾ ಸಂಶೋಧಕ ಜೇಮ್ಸ್ ಕೆಟಲ್ ಇದನ್ನು ದೊಡ್ಡ ದೊಡ್ಡ ತಾಣಗಳ ಮೇಲೆ ಮಾಡಿ ತೋರಿಸಿದರು. ಇಬ್ಬರೂ ಬರೆದ ಕೋಡ್ ತಮ್ಮ ತಮ್ಮಷ್ಟಕ್ಕೆ ಸರಿಯೆಂದೇ ಕಾಣುತ್ತಿತ್ತು. ಕೇಡು ಇದ್ದದ್ದು ಇಬ್ಬರೂ ಬೇರೆ ಬೇರೆಯಾಗಿ ಓದಿದ್ದರಲ್ಲಿ. ಒಂದೇ ಕಟ್ಟುಪಾಡನ್ನು ಎಲ್ಲರೂ ಒಂದೇ ರೀತಿ ಓದಬೇಕೆಂದರೆ ಓದುವ ಕೋಡ್ ಹಂಚಿಕೊಂಡದ್ದಾಗಿರುವುದೇ ಮೇಲು.

ಎಲ್ಲವನ್ನೂ ಹಂಚಿಕೊಳ್ಳಬೇಕು ಎಂದು ನಾನು ಹೇಳುತ್ತಿಲ್ಲ. 2016ರ ಮಾರ್ಚ್‌ನಲ್ಲಿ 'ಲೆಫ್ಟ್ ಪ್ಯಾಡ್' ಎಂಬ ಹನ್ನೊಂದು ಸಾಲಿನ ಕೋಡ್ ಅನ್ನು ಅದರ ಲೇಖಕ ಸಾರ್ವಜನಿಕ ಭಂಡಾರದಿಂದ ಹಿಂತೆಗೆದುಕೊಂಡಾಗ ಜಗತ್ತಿನಾದ್ಯಂತ ಸಾವಿರಾರು ಪ್ರಾಜೆಕ್ಟ್‌ಗಳು ಆ ಹೊತ್ತು ನಿಂತುಹೋದವು. ಪದದ ಎಡಕ್ಕೆ ಖಾಲಿ ಜಾಗ ತುಂಬುವಷ್ಟು ಸಣ್ಣ ಕೆಲಸಕ್ಕೂ ಪರರನ್ನು ನೆಚ್ಚಿದ್ದರ ಫಲ ಅದು. ನನ್ನ ಅಳತೆಗೋಲು ಇಷ್ಟೇ: ಯಾವ ಕೆಲಸಕ್ಕೆ ಲಿಖಿತ ಮಾನದಂಡ ಇದೆಯೋ, ತಪ್ಪಾದರೆ ಬೇರೆಯವರಿಗೆ ಹಾನಿಯಾಗುತ್ತದೆಯೋ, ಅದು ಹಂಚಿಕೊಳ್ಳಬೇಕಾದ್ದು. ಅಭಿರುಚಿಗೆ ಬಿಟ್ಟ ಹತ್ತು ಸಾಲನ್ನು ನೀವೇ ಬರೆದುಕೊಳ್ಳಿ. ಹಿತ್ತಲಿನ ಬಾವಿಗೆ ಊರಿನ ಒಪ್ಪಿಗೆ ಬೇಕಿಲ್ಲ, ಕೆರೆಗೆ ಬೇಕು.

ಕೆರೆಯ ಮಾತು ಬಂತು. ನಾನು ಹುಟ್ಟಿದ ಕೋಲಾರದ ಕಡೆ ಕೆರೆಯ ತೂಬು ತೆಗೆದು ಮುಚ್ಚಲು, ಯಾರ ಗದ್ದೆಗೆ ಎಷ್ಟು ನೀರು ಎಂದು ನೋಡಿಕೊಳ್ಳಲು ನೀರುಗಂಟಿ ಎಂಬವರಿದ್ದರು. ಸುಗ್ಗಿಯಲ್ಲಿ ಅವರಿಗೆ ಪ್ರತಿ ಮನೆಯಿಂದ ಕಾಳು ಸಲ್ಲುತ್ತಿತ್ತು. ಕೆರೆ ಎಲ್ಲರದ್ದಾಗಿತ್ತು ನಿಜ, ಆದರೆ ನೋಡಿಕೊಳ್ಳುವವರಿಗೆ ಹೆಸರಿತ್ತು, ಪಾಲಿತ್ತು. ಅದು ತಪ್ಪಿದ ಮೇಲೆ ಹೂಳು ತುಂಬಿತು. ನಾವು ಬಳಸುವ ಕೋಡ್‌ನ ಜಗತ್ತಿನಲ್ಲಿ ಕೆರೆಗಳಿವೆ, ನೀರುಗಂಟಿಗಳೂ ಇದ್ದಾರೆ. ಸುಗ್ಗಿಯ ಕಾಳು ಮಾತ್ರ ಯಾರೂ ಅಳೆದು ಕೊಡುತ್ತಿಲ್ಲ.

ಇದರ ಫಲ ಕಂಡಿದ್ದೇವೆ. ವೆಬ್‌ನ ಗುಟ್ಟು ಕಾಯುವ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯಲ್ಲಿ 2014ರ ಏಪ್ರಿಲ್‌ನಲ್ಲಿ 'ಹಾರ್ಟ್‌ಬ್ಲೀಡ್' ಎಂಬ ದೋಷ ಬಯಲಾಯಿತು. ಅದೂ ಉದ್ದದ ಲೆಕ್ಕದ ತಪ್ಪೇ. ಕಳಿಸಿದವರು 'ನನ್ನ ಮಾತು ಇಷ್ಟುದ್ದ' ಎಂದು ಹೇಳಿದ್ದನ್ನು ಪರೀಕ್ಷಿಸದೆ ನಂಬಿ, ಸರ್ವರ್ ತನ್ನ ನೆನಪಿನಿಂದ ಒಂದು ಸಲಕ್ಕೆ 64 ಕಿಲೋಬೈಟ್‌ವರೆಗೆ ಬೇರೆಯವರ ಗುಟ್ಟನ್ನೂ ತೆಗೆದುಕೊಡುತ್ತಿತ್ತು. ಬ್ಯಾಂಕುಗಳೂ ದೈತ್ಯ ಕಂಪನಿಗಳೂ ನೆಚ್ಚಿದ್ದ ಆ ಯೋಜನೆಗೆ ಅದಕ್ಕೆ ಮುಂಚೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್. ಅವಘಡವಾದ ಮೇಲೆ ದೊಡ್ಡವರೆಲ್ಲ ಸೇರಿ ಹಣ ಹಾಕಿದರು.

ಹತ್ತು ವರ್ಷದ ಮೇಲೂ ಪಾಠ ಪೂರ್ತಿ ಕಲಿತಿರಲಿಲ್ಲ. 2024ರ ಮಾರ್ಚ್‌ನಲ್ಲಿ, ಕಡತ ಕುಗ್ಗಿಸುವ 'ಎಕ್ಸ್‌ಝಡ್' ಎಂಬ ಪುಟ್ಟ ಸಹಾಯಕ ಲೈಬ್ರರಿಯಲ್ಲಿ ಕಳ್ಳದಾರಿಯೊಂದು ಸಿಕ್ಕಿತು. ಸಂಬಳವಿಲ್ಲದೆ ಅದನ್ನು ನೋಡಿಕೊಳ್ಳುತ್ತಿದ್ದವರು ದಣಿದಿದ್ದರು. ಸಹಾಯ ಮಾಡುತ್ತೇನೆಂದು ಬಂದ ಒಬ್ಬ ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯವನಂತೆ ದುಡಿದು, ನಂಬಿಕೆ ಗಳಿಸಿ, ಕೊನೆಗೆ ವಿಷ ಬೆರೆಸಿದ. ಸಿಕ್ಕಿಬಿದ್ದದ್ದು ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್ ಸರ್ವರ್‌ಗೆ ಲಾಗಿನ್ ಆಗಲು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ತಲೆಕೆಡಿಸಿಕೊಂಡದ್ದರಿಂದ. ಇಡೀ ಜಗತ್ತಿನ ಸರ್ವರ್‌ಗಳು ಪಾರಾದದ್ದು ಒಬ್ಬರ ಅರ್ಧ ಸೆಕೆಂಡಿನ ಅಸಹನೆಯಿಂದ.

ನನ್ನ ಕೆಲಸಕ್ಕೆ ತೀರ ಹತ್ತಿರದ್ದು 'ಕರ್ಲ್'. ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ 1998ರಲ್ಲಿ ಆ ಹೆಸರಿನಲ್ಲಿ ಬಿಡುಗಡೆ ಮಾಡಿದ ಈ ಕೋಡ್ ಇಂದು ಫೋನು, ಟಿವಿ, ಕಾರುಗಳಲ್ಲೆಲ್ಲ ಇದೆ. ಅವರದೇ ಅಂದಾಜಿನಂತೆ ಎರಡು ಸಾವಿರ ಕೋಟಿಗೂ ಹೆಚ್ಚು ಕಡೆ. ಅದರಲ್ಲಿ ಪೂರ್ಣಾವಧಿ ದುಡಿಯುವವರು ಬೆರಳೆಣಿಕೆ. 'ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ' ಎಂಬ ನಮ್ಮ ಗಾದೆ ಹತ್ತು ಜನ ಸೇರಿದರೆ ಕೆಲಸ ಹಗುರ ಎನ್ನುವುದಕ್ಕೆ ಇರುವುದು. ಇಲ್ಲಿ ಹುಲ್ಲುಕಡ್ಡಿಯನ್ನೂ ಯಾರೂ ಎತ್ತುತ್ತಿಲ್ಲ, ಹೊರೆಯೆಲ್ಲ ಒಬ್ಬರ ತಲೆಯ ಮೇಲಿದೆ.

ಈ ವಿಷಯದಲ್ಲಿ ಕೇರಳದಿಂದ ನಾವು ಕಲಿಯಬೇಕಾದ್ದಿದೆ. ಸ್ವತಂತ್ರ ತಂತ್ರಾಂಶದ ಭಾರತೀಯ ಪ್ರತಿಷ್ಠಾನಕ್ಕೆ ಚಾಲನೆ ಸಿಕ್ಕಿದ್ದು 2001ರ ಜುಲೈನಲ್ಲಿ ತಿರುವನಂತಪುರದಲ್ಲಿ, ರಿಚರ್ಡ್ ಸ್ಟಾಲ್‌ಮನ್ ಅವರಿಂದ. ಇಲ್ಲಿನ ಸರ್ಕಾರಿ ಶಾಲೆಗಳ ಮಕ್ಕಳು ಲಿನಕ್ಸ್ ಮೇಲೆ ಕಲಿಯುತ್ತಾರೆ. ಸ್ವತಂತ್ರ ತಂತ್ರಾಂಶಕ್ಕೆಂದೇ ಸರ್ಕಾರ ಐಸಿಫಾಸ್ ಎಂಬ ಸ್ವಾಯತ್ತ ಸಂಸ್ಥೆ ಕಟ್ಟಿದೆ. 2002ರಲ್ಲಿ ಶುರುವಾದ 'ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್' ಬಳಗ ಫಾಂಟ್, ಕೀಲಿಮಣೆ, ಅನುವಾದಗಳ ಜೊತೆ 'ಸಿಲ್ಪ' ಎಂಬ ಹೆಸರಿನಲ್ಲಿ ಭಾರತೀಯ ಭಾಷೆಗಳಿಗೆ ಬೇಕಾದ ಹೆಲ್ಪರ್ ಕೋಡ್‌ಗಳನ್ನು ಒಟ್ಟುಗೂಡಿಸಿತು. ಅದರಲ್ಲಿ ಮಲಯಾಳಂ ಮಾತ್ರವಲ್ಲ, ಕನ್ನಡವೂ ಇದೆ.

ಬರಹವನ್ನು ಓದಿ ಹೇಳುವ 'ಧ್ವನಿ' ತಂತ್ರಾಂಶದ ಕಥೆ ಇನ್ನೂ ಹತ್ತಿರದ್ದು. ಅದು ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ರಮೇಶ್ ಹರಿಹರನ್ ಅವರ ಕೈಯಲ್ಲಿ, ಸಿಂಪ್ಯೂಟರ್‌ನ ಕಾಲದಲ್ಲಿ. ಮುಂದೆ ಅದನ್ನು ಎತ್ತಿಕೊಂಡು, ಹೊಸ ಭಾಷೆಗಳನ್ನು ಸೇರಿಸಿ ಬೆಳೆಸಿದ್ದು ಮಲಯಾಳಿ ಎಂಜಿನಿಯರ್ ಸಂತೋಷ್ ತೋಟ್ಟಿಂಗಲ್ ಮತ್ತು ಗೆಳೆಯರು. ಬೆಂಗಳೂರಿನಲ್ಲಿ ಬಿತ್ತಿದ್ದಕ್ಕೆ ನೀರು ಹೊಯ್ದದ್ದು ಕೇರಳದವರು, ಫಲ ಕನ್ನಡಕ್ಕೂ ಸಿಕ್ಕಿತು. ಹಂಚಿಕೊಂಡ ಕೋಡ್‌ಗೆ ಗಡಿ ಇಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ನಾವು ಕೇರಳದಲ್ಲಿರುವ ಕನ್ನಡಿಗರು ಈ ಋಣ ತೀರಿಸಲು ಬೇರೆಲ್ಲರಿಗಿಂತ ಅನುಕೂಲವಾದ ಜಾಗದಲ್ಲಿದ್ದೇವೆ. ಎರಡೂ ಲಿಪಿ ದಿನವೂ ಕಣ್ಣಿಗೆ ಬೀಳುತ್ತವೆ.

ಆದರೆ ಒಳ್ಳೆಯ ಮನಸ್ಸಿನ ಮೇಲೆ ಮಾತ್ರ ಇದನ್ನು ಬಿಡಬಾರದು. ಭಾನುವಾರ ಬಿಡುವು ಮಾಡಿಕೊಂಡು ಸೇವೆ ಮಾಡಿ ಎಂದು ಎಂಜಿನಿಯರುಗಳಿಗೆ ಹೇಳುವುದು ಸುಲಭ. ಎಕ್ಸ್‌ಝಡ್‌ನ ಕಥೆ ತೋರಿಸಿದ್ದು ಅಂಥ ಸೇವೆ ಎಲ್ಲಿಗೆ ತಲುಪುತ್ತದೆ ಎಂಬುದನ್ನೇ. ನಾನು ಕೇಳುವುದು ಮೂರು.

ಮೊದಲನೆಯದು, ಪ್ರತಿ ಕಂಪನಿಯೂ ತಾನು ಹೆಚ್ಚು ನೆಚ್ಚಿದ ಐದು ಲೈಬ್ರರಿಗಳ ಪಟ್ಟಿ ಮಾಡಲಿ. ಪ್ರತಿಯೊಂದಕ್ಕೂ ಒಬ್ಬರ ಹೆಸರು ಇರಲಿ, ಆ ಕೆಲಸದ ಗಂಟೆಗಳು ಟೈಮ್‌ಶೀಟಿನಲ್ಲಿ ಲೆಕ್ಕಕ್ಕೆ ಬರಲಿ. 'ಇದಕ್ಕೆ ಗಿರಾಕಿ ದುಡ್ಡು ಕೊಡುವುದಿಲ್ಲ' ಎಂದು ಮ್ಯಾನೇಜರುಗಳು ಹೇಳುತ್ತಾರೆ. ಕಟ್ಟಡದ ಲಿಫ್ಟ್ ರಿಪೇರಿಗೂ ಗಿರಾಕಿ ಬೇರೆ ಬಿಲ್ ಕಟ್ಟುವುದಿಲ್ಲ, ಆದರೂ ನಾವು ಮಾಡಿಸುತ್ತೇವೆ.

ಎರಡನೆಯದು, ಸರಿಪಡಿಸಿದ್ದನ್ನು ಮೂಲಕ್ಕೆ ಕಳಿಸಲು ಲಿಖಿತ ಅನುಮತಿ. ಸೇವಾ ಕಂಪನಿಗಳಲ್ಲಿ ಬರೆದ ಕೋಡ್ ಗಿರಾಕಿಯ ಸೊತ್ತು ಎಂದು ಕರಾರಿನಲ್ಲಿ ಇರುವುದು ಸಾಮಾನ್ಯ. ಹಾಗಾಗಿ ದೋಷ ಪತ್ತೆ ಮಾಡಿದ ಎಂಜಿನಿಯರ್ ತನ್ನ ಪ್ರತಿಯಲ್ಲಿ ಮಾತ್ರ ತೇಪೆ ಹಾಕಿ ಸುಮ್ಮನಾಗುತ್ತಾರೆ. ಕಳಕ್ಕೂಟಂನಲ್ಲಿ ಹಾಕಿದ ತೇಪೆ ಕಾಕ್ಕನಾಡಿಗೆ ಗೊತ್ತಿಲ್ಲ, ಕಾಕ್ಕನಾಡಿನದ್ದು ವೈಟ್‌ಫೀಲ್ಡಿಗೆ ಗೊತ್ತಿಲ್ಲ. ಒಂದೇ ತೂತನ್ನು ನೂರು ಕಡೆ ನೂರು ಜನ ಮುಚ್ಚುತ್ತಿದ್ದೇವೆ. ಹಂಚಿಕೊಂಡ ಲೈಬ್ರರಿಯ ದೋಷವನ್ನು ಮೂಲದಲ್ಲೇ ತಿದ್ದಬಹುದು ಎಂಬ ಒಂದು ಸಾಲನ್ನು ಕರಾರಿಗೆ ಸೇರಿಸುವುದು ಕಾನೂನು ವಿಭಾಗಕ್ಕೆ ಒಂದು ಮಧ್ಯಾಹ್ನದ ಕೆಲಸ.

ಮೂರನೆಯದು ಹಣ. ಬೆಂಗಳೂರಿನ ಝೆರೋಧಾ ಸಂಸ್ಥೆ 2024ರ ಅಕ್ಟೋಬರ್‌ನಲ್ಲಿ ಸ್ವತಂತ್ರ ತಂತ್ರಾಂಶ ಯೋಜನೆಗಳಿಗೆ ವರ್ಷಕ್ಕೆ ಹತ್ತು ಲಕ್ಷ ಡಾಲರ್‌ವರೆಗೆ ಕೊಡುವ ನಿಧಿಯನ್ನು ಘೋಷಿಸಿತು. ಒಂದು ಷೇರು ವಹಿವಾಟು ಕಂಪನಿಗೆ ಇದು ಅರ್ಥವಾಗಿರುವಾಗ ಕೋಡ್ ಮಾರಿಯೇ ಬದುಕುವ ಕಂಪನಿಗಳಿಗೆ ಅರ್ಥವಾಗದೆ ಇರಲು ಕಾರಣವಿಲ್ಲ. ಕರ್ನಾಟಕ ಸರ್ಕಾರವೂ ತನ್ನ ಆನ್‌ಲೈನ್ ಸೇವೆಗಳ ಟೆಂಡರಿನಲ್ಲಿ ಒಂದು ಷರತ್ತು ಹಾಕಬಹುದು: ಕನ್ನಡದ ಹೆಸರು, ವಿಳಾಸಗಳಿಂದ ಪರೀಕ್ಷೆ ಮಾಡಿದ ದಾಖಲೆ ಇರಬೇಕು, ಸಿಕ್ಕ ದೋಷ ಮೂಲ ಲೈಬ್ರರಿಗೆ ಹೋಗಬೇಕು.

ಕೊನೆಗೆ, ಈಗೀಗ ಕೇಳಿಬರುವ ಮಾತೊಂದಕ್ಕೆ ಉತ್ತರ ಕೊಡಬೇಕು. 'ಎಐ ಕೇಳಿದರೆ ಹೆಲ್ಪರ್ ಅನ್ನು ಹತ್ತು ಸೆಕೆಂಡಿನಲ್ಲಿ ಬರೆದುಕೊಡುತ್ತದೆ, ಹಂಚಿಕೊಂಡ ಲೈಬ್ರರಿಯ ರಗಳೆ ಯಾಕೆ' ಎನ್ನುವ ಹುಡುಗರು ನನ್ನ ತಂಡದಲ್ಲೂ ಇದ್ದಾರೆ. ಬರೆದುಕೊಡುತ್ತದೆ, ಅನುಮಾನವಿಲ್ಲ. ಆದರೆ ಹತ್ತು ಸಾವಿರ ಪ್ರಾಜೆಕ್ಟ್‌ಗಳಲ್ಲಿ ಹತ್ತು ಸಾವಿರ ಪ್ರತಿಗಳು ಹುಟ್ಟಿದರೆ, ನಾಳೆ ದೋಷ ಸಿಕ್ಕಾಗ ಎಷ್ಟು ಕಡೆ ಹೋಗಿ ತಿದ್ದುತ್ತೀರಿ? 2023ರ ಅಕ್ಟೋಬರ್‌ನಲ್ಲಿ ಕರ್ಲ್‌ನಲ್ಲಿ ಒಂದು ಗಂಭೀರ ದೋಷ ಸಿಕ್ಕಿತು. 255 ಬೈಟ್‌ಗಿಂತ ಉದ್ದದ ವಿಳಾಸ ಬಂದಾಗ ಎಡವುವ ದೋಷ, ಮತ್ತೆ ಉದ್ದದ್ದೇ. ಸ್ಟೆನ್‌ಬರ್ಗ್ ಅದನ್ನು ಬಹಿರಂಗವಾಗಿ ವಿವರಿಸಿ, ತಿದ್ದಿದ ಆವೃತ್ತಿಯನ್ನು ಬಿಡುಗಡೆ ಮಾಡಿದರು. ಲೈಬ್ರರಿಯನ್ನು ಹಂಚಿಕೊಂಡವರು ಹೊಸ ಆವೃತ್ತಿ ಹಾಕಿಕೊಂಡರೆ ಮುಗಿಯಿತು. ಮನೆಮನೆಯಲ್ಲಿ ಬರೆದುಕೊಂಡ ಪ್ರತಿಗಳಲ್ಲಿ ಅದೇ ದೋಷ ಇದ್ದರೆ ಅದನ್ನು ಹುಡುಕುವವರು ಯಾರು? ಸಾಮಾನ್ಯವಾಗಿ ಮೊದಲು ಹುಡುಕುವವನು ಕಳ್ಳ.

ಎಐ ಅನ್ನೂ ಬಳಸೋಣ, ಹಂಚಿಕೊಂಡ ಲೈಬ್ರರಿಗೆ ಟೆಸ್ಟ್ ಬರೆಯಲು ಬಳಸೋಣ. ಯಾವ ಟೆಸ್ಟ್ ಬೇಕೆಂದು ಹೇಳಬೇಕಾದವರು ಮಾತ್ರ ಎರಡು ಭಾಷೆ ಬಲ್ಲ ಮನುಷ್ಯರು.

ಹಾಗಾಗಿ ಈ ಅಂಕಣ ಓದುವ ಗೆಳೆಯರಲ್ಲಿ ಒಂದು ಸಣ್ಣ ಕೋರಿಕೆ. ಸೋಮವಾರ ಆಫೀಸಿಗೆ ಹೋದ ಮೇಲೆ ನಿಮ್ಮ ಟೆಸ್ಟ್ ಸರ್ವರ್‌ನ ಫಾರಂ ತೆರೆಯಿರಿ. ಹೆಸರಿನ ಕಡೆ ನಿಮ್ಮ ತಾಯಿಯ ಹೆಸರನ್ನು ಕನ್ನಡದಲ್ಲಿ ಬರೆಯಿರಿ. ಊರಿನ ಕಡೆ ಕೊಚ್ಚಿ ಎಂದು ಬರೆಯಿರಿ, ಫೋನಿನ ಮುಂದೆ ಪ್ಲಸ್ ಹಾಕಿ. ಪಕ್ಕದ ಮಲಯಾಳಿ ಗೆಳೆಯರಿಗೆ ಅವರ ತಂದೆಯ ಹೆಸರನ್ನು ಚಿಲ್ಲು ಸಮೇತ ತುಂಬಲು ಹೇಳಿ. ಕಳಿಸಿದ್ದು ಕಳಿಸಿದ ಹಾಗೇ ಆ ಕಡೆ ತಲುಪಿತೇ ನೋಡಿ. ತಲುಪದಿದ್ದರೆ ತೇಪೆ ಹಾಕಿ ಎದ್ದುಹೋಗಬೇಡಿ. ದೋಷ ಇರುವುದು ಯಾವ ಲೈಬ್ರರಿಯಲ್ಲಿ ಎಂದು ಹುಡುಕಿ, ಅದನ್ನು ನೋಡಿಕೊಳ್ಳುವವರಿಗೆ ತಿಳಿಸಿ, ಆ ಹೆಸರನ್ನೇ ಟೆಸ್ಟ್ ಆಗಿ ಕಳಿಸಿ. ಒಮ್ಮೆ ಅದು ಅಲ್ಲಿ ಸೇರಿಬಿಟ್ಟರೆ, ಜಗತ್ತಿನ ಯಾವ ಮೂಲೆಯಲ್ಲಿ ಯಾರು ಆ ಕೋಡ್ ಬದಲಾಯಿಸಿದರೂ ನಿಮ್ಮ ತಾಯಿಯ ಹೆಸರು ಸರಿಯಾಗಿ ಬಂದ ಮೇಲೆಯೇ ಅದು ಹೊರಗೆ ಬರಬೇಕಾಗುತ್ತದೆ.